ಚಿಕ್ಕದನ್ನು ಬಿಡು

“ಎಷ್ಟಿದೆ ನೋಡು. ಅಂಗೈಯಷ್ಟಾದ್ರೂ ಇದೆಯಾ?” ಲುಡ್ವಿಕ್ ಗಾಳದ ಕೋಲನ್ನು ಮಗಳ ಕಡೆಗೆ ತಿರುಗಿಸಿದ.

“ಎರಡು ಬೆರಳಿದೆ, ಅಪ್ಪ.”

“ಥತ್! ಬಿಡು ಅದನ್ನ. ಬೆಳೀಲಿ.”

ಇರ್ಮಾ ಕೊಕ್ಕೆ ಬಿಡಿಸಿ ಮರಿಯನ್ನು ನೀರಿಗೆ ಹಾಕಿದಳು. ಬೆಳಗಿನಿಂದ ಇದೇ ಆಯಿತು. ಮುದುಕನ ಕಣ್ಣಿಗೆ ಈಗ ಬೆಳಕು ನೆರಳು ಬಿಟ್ಟರೆ ಏನೂ ಕಾಣದು, ಗಾಳ ಹಿಡಿಯುವ ಕೈ ಮಾತ್ರ ಹಾಗೇ ಇದೆ. ಶನಿವಾರ ಇರ್ಮಾಳ ಮಗಳು ಟೆಸ್ಸಾಳ ಮದುವೆ. ಹಿಂದಿನ ದಿನದ ಮನೆಯೂಟಕ್ಕೆ ಬಿಗ್ ಟಮರಾಕ್ ಸರೋವರದ ಬ್ಲೂಗಿಲ್ ಮೀನನ್ನು ಹಿಟ್ಟಿನಲ್ಲಿ ಹೊರಳಿಸಿ ಕರಿಯದಿದ್ದರೆ ಅವರ ಮನೆಯಲ್ಲಿ ಅದು ಮದುವೆಯೇ ಅಲ್ಲ. ಇರ್ಮಾಳ ಮದುವೆಗೆ ಅಪ್ಪ ತಂದ ಮೀನು ಎರಡಿಟ್ಟರೆ ಬಾಣಲೆ ತುಂಬುತ್ತಿತ್ತು. ಈಗ ವಾರವಿಡೀ ಸುತ್ತಿದರೂ ಬುಟ್ಟಿಯ ತಳ ಒದ್ದೆಯಾಗಿರಲಿಲ್ಲ.

“ಚಿಕ್ಕದನ್ನ ಬಿಡು, ದೊಡ್ಡದನ್ನ ಇಟ್ಕೋ. ನಮ್ಮಪ್ಪ ಹೇಳ್ಕೊಟ್ಟ ಮಾತು, ಒಂದಿನ ಮೀರಿಲ್ಲ ನಾನು,” ಲುಡ್ವಿಕ್ ಗೊಣಗಿದ. “ಆದ್ರೂ ದೊಡ್ಡವೆಲ್ಲ ಎಲ್ಲಿ ಹಾಳಾಗಿ ಹೋದ್ವೋ! ಸಮುದ್ರದಂಥ ನೀರಿದು. ಗಾಳ ಹಾಕಿ ಖಾಲಿ ಮಾಡಕ್ಕಾಗುತ್ತಾ?”

ಇರ್ಮಾ ದೋಣಿಯ ಹುಟ್ಟು ಹಾಕಿದಳು. ಉತ್ತರದ ಜೊಂಡು ದಾಟಿ ಒಳಗೆ ನುಗ್ಗಿದರೆ ಅಲ್ಲೊಂದು ಪುಟ್ಟ ಕೊಲ್ಲಿ. ದಾರಿ ಇಕ್ಕಟ್ಟು ಅಂತ ಯಾರೂ ಅತ್ತ ಬರುವುದಿಲ್ಲ. ಒಳಗೆ ಗಾಳಿ ಬಿದ್ದುಹೋಗಿತ್ತು. ಅವಳು ಸುಮ್ಮನೆ ಕೆಳಗೆ ನೋಡಿದಳು. ನೋಡಿದವಳು ಹುಟ್ಟನ್ನು ಎತ್ತಿದಂತೆಯೇ ಹಿಡಿದು ಕೂತುಬಿಟ್ಟಳು.

ಮರಳಿನ ನೆಲದ ತುಂಬ ಪಡ್ಡಿನ ಹಂಚಿನ ಹಾಗೆ ದುಂಡನೆಯ ಗುಳಿಗಳು. ಅಂಚಿಗೆ ಅಂಚು ತಾಗಿಸಿಕೊಂಡು, ನೀರು ಕಪ್ಪಾಗುವವರೆಗೂ ಗುಳಿಗಳೇ. ಒಂದೊಂದರ ಮೇಲೂ ತಾಮ್ರದ ಎದೆಯ ಒಂದೊಂದು ಗಂಡು ಬ್ಲೂಗಿಲ್ ನಿಂತು, ಮೊಟ್ಟೆಗಳ ಮೇಲೆ ಕಸ ಕೂರದಂತೆ ಬಾಲದಿಂದ ಗಾಳಿ ಹಾಕುತ್ತಿತ್ತು. ಎಂಥ ಮೀನುಗಳು! ಹುಟ್ಟಿದಾಗಿನಿಂದ ಈ ನೀರಿನ ದಡದಲ್ಲೇ ಬದುಕಿದವಳು, ಇಂಥದ್ದೊಂದು ಊರು ಇದರ ಅಡಿಯಲ್ಲಿದೆ ಅಂತ ಅವಳಿಗೆ ಗೊತ್ತಿರಲಿಲ್ಲ. ದೇವರೇ, ಅಂದುಕೊಂಡಳು. ಮೈ ಜುಮ್ಮೆಂದಿತು.

ಅಷ್ಟರಲ್ಲಿ ಅಪ್ಪನ ಕೋಲು ನೀರು ಮುಟ್ಟುವಂತೆ ಬಾಗಿತು.

“ಬಂತು! ಇದು ಕಣೇ ಮೀನು! ಹಿಡಿ, ಹಿಡಿ!”

ಎರಡು ಕೈಗೂ ಮೀರುವ ಮೀನು. ಟೆಸ್ಸಾಳ ಊಟ ಇಲ್ಲೇ ಸಿಕ್ಕಿತು, ಇನ್ನು ಬುಟ್ಟಿ ತುಂಬುವುದಷ್ಟೇ ಎಂದು ಇರ್ಮಾಳಿಗೆ ನಗು ಬಂತು. ಕೊಕ್ಕೆ ಬಿಡಿಸುತ್ತ ಅವಳು ಕೆಳಗೆ ನೋಡಿದಳು. ಕಾವಲು ತಪ್ಪಿದ ಗುಳಿಗೆ ಎರಡು ಬೆರಳಿನ ಮೀನುಗಳು ಮುಗಿಬಿದ್ದಿದ್ದವು. ಮೊಟ್ಟೆಗಳನ್ನು ಕುಕ್ಕಿ ಕುಕ್ಕಿ ತಿನ್ನುತ್ತಿದ್ದವು. ಬೆಳೀಲಿ ಅಂತ ಹರಸಿ ಹರಸಿ ಬಿಟ್ಟಂಥವೇ ಮೀನುಗಳು. ಅವಳ ನಗು ಅಲ್ಲೇ ಇಂಗಿತು.

“ಎಷ್ಟಿದೆ?”

“ಚಿಕ್ಕದು, ಅಪ್ಪ.”

“ಚಿಕ್ಕದಾ?” ಮುದುಕ ಕೋಲನ್ನು ತೊಡೆಯ ಮೇಲಿಟ್ಟುಕೊಂಡ. “ಕಣ್ಣು ಹೋಗಿರೋದು ಇರ್ಮಾ, ಕೈ ಹೋಗಿಲ್ಲ.”

ಅವಳು ಕಂಡದ್ದನ್ನೆಲ್ಲ ಹೇಳಿದಳು. ಗುಳಿಗಳು, ಬಾಲದ ಗಾಳಿ, ಮುಗಿಬಿದ್ದ ಮರಿಗಳು. ಲುಡ್ವಿಕ್ ಬಾಯಿ ತೆರೆದುಕೊಂಡೇ ಕೇಳಿದ.

“ಎಲ್ಲಿವರೆಗಿದೆ?”

“ಕಣ್ಣು ಹಾಯೋವರೆಗೂ ಇದೆ.”

“ಅಯ್ಯೋ ದೇವರೇ... ನಾವು ಇಷ್ಟು ವರ್ಷ ಕಾವಲುಗಾರರನ್ನೇ ಕರ್ದು ತಿಂದ್ವಾ?” ಅವನು ದೋಣಿಯ ಅಂಚು ಹಿಡಿದು ಮುಂದೆ ಬಾಗಿದ. “ಬಿಡು. ಬೇಗ ಬಿಡೇ!”

ಕೈ ಸಡಿಲಿಸಿದ್ದೇ ತಡ, ಅಷ್ಟು ಗುಳಿಗಳ ನಡುವೆ ಅದು ನೆಟ್ಟಗೆ ತನ್ನ ಗುಳಿಗೇ ಹೋಯಿತು. ಮರಿಗಳನ್ನು ಅಟ್ಟಿ, ಸುತ್ತು ಬಂದು, ಬಾಲ ಬೀಸತೊಡಗಿತು. ಮೊಟ್ಟೆ ಉಳಿದಿತ್ತೋ ಇಲ್ಲವೋ ಮೇಲಿನಿಂದ ತಿಳಿಯುತ್ತಿರಲಿಲ್ಲ.

ಜೊಂಡಿನಾಚೆ ಮೋಟಾರಿನ ಸದ್ದು ಕೇಳಿತು. ಪಕ್ಕದ ಮನೆಯ ಹಾರ್ಲನ್. ಅವನ ಕಿವಿಗೆ ಬಿದ್ದರೆ ಸಂಜೆಯೊಳಗೆ ಊರಿನ ದೋಣಿಗಳೆಲ್ಲ ಇಲ್ಲೇ. ಅಪ್ಪನ ಬಾಯಿಯೋ, ಒಂದು ಮೀನು ಸಿಕ್ಕರೆ ಹತ್ತು ಮನೆಗೆ ಸಾರುವ ಬಾಯಿ. ಇರ್ಮಾ ಉಸಿರು ಬಿಗಿಹಿಡಿದಳು.

“ಏನ್ ಯಜಮಾನ್ರೇ, ಏನಾದ್ರೂ ಬಿತ್ತಾ ಅಲ್ಲಿ?” ಹಾರ್ಲನ್ ಆಚೆಯಿಂದಲೇ ಕೂಗಿದ.

ಲುಡ್ವಿಕ್ ಕತ್ತು ನೆಟ್ಟಗೆ ಮಾಡಿದ. “ಬರೀ ಚಿಳ್ಳೆಪಿಳ್ಳೆ ಕಣಯ್ಯಾ! ಕೆಸರು ಬೇರೆ. ಬರಬೇಡ, ಮೋಟಾರಿಗೆ ಜೊಂಡು ಸುತ್ಕೊಳ್ಳುತ್ತೆ.”

“ಮತ್ತೆ ಮೊಮ್ಮಗಳ ಊಟಕ್ಕೆ? ಜೊಂಡಿನ ಪಲ್ಯನಾ?”

“ಕೋಳಿ ಹಾಕ್ತೀವಪ್ಪ. ವಯಸ್ಸಾಯ್ತು ನೋಡು, ಕೈ ಸೋತಿದೆ.”

ಹಾರ್ಲನ್‌ನ ನಗು ನೀರಿನ ಮೇಲೆ ಬಹಳ ದೂರದವರೆಗೆ ಕೇಳಿಸಿತು. ಇನ್ನು ಊರಿನ ಹೋಟೆಲಿನಲ್ಲಿ ಇದೇ ಮಾತು, ಚಳಿಗಾಲದವರೆಗೂ. ಮೋಟಾರಿನ ಸದ್ದು ಅಡಗಿದ ಮೇಲೆ ಲುಡ್ವಿಕ್ ಅಂಗಿಯ ತೋಳು ಮಡಿಚಿ, ಕೈಯನ್ನು ಮಣಿಕಟ್ಟಿನವರೆಗೆ ನೀರಿಗೆ ಇಳಿಬಿಟ್ಟ.

“ಆ ಕಾವಲುಗಾರ ಇನ್ನೂ ಇದ್ದಾನಾ?”

“ಇದ್ದಾನೆ, ಅಪ್ಪ.”

ಮುದುಕ ಬೆರಳುಗಳನ್ನು ಅಗಲಿಸಿ, ಅಲುಗಾಡದೆ ಹಾಗೇ ಕೂತ. ಕೆಳಗೆ ಬಾಲ ಬೀಸುತ್ತಲೇ ಇತ್ತು.