ಹೆಸರಿಲ್ಲದ ತಟ್ಟೆ

ಸೂಫಿಯಾಳ ಹೆಸರನ್ನು ಈ ಮನೆಯಲ್ಲಿ ಯಾವತ್ತೂ ಎತ್ತುವುದಿಲ್ಲ ಎಂದು ಇಪ್ಪತ್ತಾರು ವರ್ಷದ ಹಿಂದೆ ಅಬ್ಬಾನಿಗೆ ಮಾತು ಕೊಟ್ಟಿದ್ದೆ. ಸೂಫಿಯಾ ನನ್ನ ಅಕ್ಕ. ಅವಳನ್ನು ಹೊರಗೇ ನಿಲ್ಲಿಸಿ ಬಾಗಿಲು ಹಾಕಿದ ದಿನ ಸಂಜೆ, ಅಜ್ಜಂಪುರದ ಇದೇ ನಡುಮನೆಯಲ್ಲಿ, ಅಬ್ಬಾ ನನ್ನ ಕೈಯನ್ನು ತಮ್ಮ ತಲೆಯ ಮೇಲಿಟ್ಟುಕೊಂಡು ಮಾತು ತೆಗೆದುಕೊಂಡರು.

ಅಬ್ಬಾ, ದಾವೂದ್ ಸಾಬ್, ಹೋದ ವರ್ಷ ತೀರಿಕೊಂಡರು. ಮಾತು ಮಾತ್ರ ಮನೆಯಲ್ಲೇ ಉಳಿಯಿತು.

ಅವರು ಹೋದ ಮೇಲೆ ಇದು ಮೊದಲ ಶಬೆಬರಾತ್. ತೀರಿಕೊಂಡವರ ಹೆಸರಿಗೆ ಒಂದೊಂದು ತಟ್ಟೆ ಹಲ್ವಾ, ಚಪಾತಿ ಇಟ್ಟು ಫಾತೇಹಾ ಓದುವುದು ನಮ್ಮ ಮನೆಯ ರೂಢಿ. ಓದುವವರು ನನ್ನ ಗಂಡ ಆಸಿಮ್. ಬೆಳಿಗ್ಗೆಯಿಂದ ಎರಡು ಬ್ಲೌಸ್ ಹೊಲಿದು ಮುಗಿಸಿ, ಮಧ್ಯಾಹ್ನ ಒಲೆ ಮುಂದೆ ನಿಂತು ರವೆ ಹುರಿಯುತ್ತಿದ್ದೆ. ಶಂಕರಘಟ್ಟದಲ್ಲಿ ಎಂ.ಎಸ್ಸಿ. ಓದುವ ಮಗಳು ಮದೀಹಾ ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ತನ್ನ ಪ್ರಾಜೆಕ್ಟ್ ತಿದ್ದುತ್ತಿದ್ದಳು. ತೆಂಗಿನಕಾಯಿ ಕೊಡಲು ಬಂದ ಪಕ್ಕದ ಮನೆಯ ಕರಿಯಮ್ಮ ಇಣುಕಿ ನೋಡಿದರು.

"ಏನೇ ಹುಡ್ಗಿ ಅದು, ಮೊಟ್ಟೆ ಬರ್ದಿದ್ದೀಯಾ?"

"ಗ್ರಹ ಸುತ್ತೋ ದಾರಿ ಅಜ್ಜಿ. ನಮ್ಮ ಸೂರ್ಯನ್ನಲ್ಲ, ಬೇರೆ ನಕ್ಷತ್ರಾನ. ಗುರು ಗ್ರಹಕ್ಕಿಂತ ದೊಡ್ಡದು ಇದು."

"ಗ್ರಹ ನೋಡೋಕೆ ಅಷ್ಟ್ ದೂರ ಹೋಗಿ ಓದ್ಬೇಕಾ? ನಮ್ ಶಾಸ್ತ್ರ ಹೇಳೋ ಬೀರಪ್ಪನ್ನ ಕೇಳಿದ್ರೆ ಎಲೆಅಡಿಕೆಗೇ ಹೇಳ್ತಿದ್ನಲ್ಲೇ."

"ಬೀರಪ್ಪಜ್ಜನ ಕೈಗೂ ಸಿಗಲ್ಲ ಕಣಜ್ಜಿ ಇದು."

ಕರಿಯಮ್ಮ ನಗುತ್ತಾ ಹೋದರು. ದಾರಿ ಯಾಕೆ ಮೊಟ್ಟೆಯ ಹಾಗಿದೆ ಎಂದು ನಾನು ಸುಮ್ಮನೆ ಕೇಳಿದೆ. ಕೇಳಬಾರದಿತ್ತು.

ಹುಟ್ಟಿದಾಗ ಇಂಥ ಗ್ರಹಗಳ ದಾರಿ ಹೆಚ್ಚುಕಡಿಮೆ ದುಂಡಗೇ ಇರುತ್ತದಂತೆ. ಎರಡು ದೊಡ್ಡ ಗ್ರಹ ಅಕ್ಕಪಕ್ಕ ಬೆಳೆದರೆ ಕಷ್ಟ. ಹತ್ತಿರ ಬಂದಾಗಲೆಲ್ಲ ಒಂದನ್ನೊಂದು ಎಳೆಯುತ್ತವೆ. ಎಳೆದಾಟ ಬಲಿತು, ಕೊನೆಗೊಂದು ಸಲ ಒಂದು ಸಿಡಿದು ಹೊರಟೇ ಹೋಗುತ್ತದೆ, ಯಾವ ನಕ್ಷತ್ರವೂ ತನ್ನದೆನ್ನದ ಕತ್ತಲಿಗೆ. ಉಳಿದದ್ದರ ದಾರಿ ಹೀಗೆ ಉದ್ದಕ್ಕೆ ಎಳೆದುಹೋಗುತ್ತದೆ.

"ಹೋಗಿದ್ದು ಕಾಣುತ್ತಾ?"

"ಇಲ್ಲ ಅಮ್ಮಿ. ಜೊತೆಗೊಂದು ಇತ್ತು ಅಂತ ಖಾತ್ರಿಯಾಗೂ ಹೇಳೋಕಾಗಲ್ಲ. ಬೇರೆ ಕಾರಣಾನೂ ಇರ್ಬಹುದು. ಆದ್ರೆ ಸುಮ್‌ಸುಮ್ನೆ ಯಾವ್ದೂ ಹೀಗೆ ಸುತ್ತಲ್ಲ."

"ಎರಡರಲ್ಲಿ ಹೋಗೋದು ಯಾವ್ದು?"

"ಹೆಚ್ಚಾಗಿ ಹಗುರ ಇರೋದು. ಅದನ್ನ ಹೊರಗೆ ತಳ್ಳಿದ್ದು ತಾನು ನಕ್ಷತ್ರದ ಹತ್ರಕ್ಕೆ ಸರಿಯುತ್ತೆ. ಹತ್ರ ಹೋದಾಗೆಲ್ಲ ಬೇಯುತ್ತೆ ಕೂಡ."

ರವೆ ಸೀದ ವಾಸನೆ ಬಂದಾಗಲೇ ನನಗೆ ಎಚ್ಚರ.

ಸೂಫಿಯಾ ಆಪಾ ಕಡೂರಿಗೆ ನರ್ಸಿಂಗ್ ಕಲಿಯಲು ಹೋಗುತ್ತಿದ್ದಳು. ಇಬ್ಬರಲ್ಲಿ ಒಬ್ಬಳನ್ನು ಮಾತ್ರ ಓದಿಸುವುದೆಂದು ಅಬ್ಬಾ ನನ್ನನ್ನು ಹೊಲಿಗೆಗೆ ಕೂರಿಸಿದ್ದರು. ಒಂದು ಬೆಳಿಗ್ಗೆ ಅವಳು, "ನಾಳೆ ಪರೀಕ್ಷೆ, ರಾತ್ರಿ ಕ್ಲಾಸಿನ ಶ್ರುತಿ ಮನೇಲೇ ಉಳೀತೀನಿ, ಅಬ್ಬಾಗೆ ನೀನೇ ಹೇಳ್ಬಿಡು" ಎಂದು ಬಸ್ಸು ಹತ್ತಿದಳು. ನಾನು ಹೇಳಲಿಲ್ಲ. ಅಬ್ಬಾ ರಾತ್ರಿಯಿಡೀ ಬಸ್ ಸ್ಟ್ಯಾಂಡಿಗೂ ಮನೆಗೂ ಅಲೆದರು. ಮರುದಿನ ಅವಳು ಬಂದಾಗ ಓಣಿಯೆಲ್ಲ ನೋಡುತ್ತಿತ್ತು. ಅಬ್ಬಾ ನನ್ನ ಕಡೆ ತಿರುಗಿ, "ನಿಂಗೆ ಹೇಳಿದ್ಲಾ?" ಎಂದರು. ಇಲ್ಲ ಎಂದೆ. ಆಪಾ ಜಗಳವಾಡಲಿಲ್ಲ. ನನ್ನನ್ನೇ ಒಂದಷ್ಟು ಹೊತ್ತು ನೋಡಿ, ಮತ್ತೆ ಕಡೂರಿನ ಬಸ್ಸಿಗೆ ಹೋದಳು. ಆಮೇಲೆ ಯಾರಿಗೂ ಕಾಣಲಿಲ್ಲ.

ಅವಳ ಪಾಲಿನ ಪ್ರೀತಿಯೂ ನನಗೇ ಬಂತು, ಮನೆಯೂ ಬಂತು. ಅಬ್ಬಾ ನೆಂಟರೆದುರು ನನ್ನನ್ನು ಹೊಗಳಿದಾಗಲೆಲ್ಲ ಮೈ ಸುಡುತ್ತಿತ್ತು. ಈಗಲೂ ಬಾಗಿಲ ಚಿಲಕ ಹಾಕಿ, ಒಂದು ಸಲ ತೆಗೆದು ನೋಡಿ, ಮತ್ತೆ ಹಾಕುತ್ತೇನೆ. ಬ್ಲೌಸಿನ ಅಳತೆಗೆ ಬಂದ ಯಾವಳದೋ ಬೆನ್ನು ಅವಳದೇ ಅನಿಸಿ, ಟೇಪು ಹಿಡಿದ ಕೈ ನಿಂತುಬಿಡುತ್ತದೆ. ತಿರುಗಿದರೆ ಬೇರೆ ಮುಖ.

ಸಂಜೆಯ ಅಸರ್ ನಮಾಜು ಮುಗಿಸಿ ಆಸಿಮ್ ಬಂದರು. ತಟ್ಟೆಗಳನ್ನು ಚಾಪೆಯ ಮೇಲೆ ಜೋಡಿಸಿದೆ. ಊದುಬತ್ತಿ ಹಚ್ಚುತ್ತಿದ್ದ ಮದೀಹಾ ಎಣಿಸಿದಳು.

"ದಾವೂದ್ ನಾನಾ ಸೇರಿ ಐದು ಹೆಸರು. ತಟ್ಟೆ ಆರು. ಹೋದ ವರ್ಷ ನಾಲ್ಕಕ್ಕೆ ಐದಿತ್ತು. ಚಿಕ್ಕೋಳಿದ್ದಾಗಿಂದ ನೋಡ್ತಿದ್ದೀನಿ ಅಮ್ಮಿ, ಯಾವಾಗ್ಲೂ ಒಂದು ಜಾಸ್ತಿ."

"ಹೆಸರು ಮರೆತುಹೋದೋರಿಗೆ ಬೇಟಾ," ಎಂದರು ಆಸಿಮ್. ಮದುವೆಯಾದ ಹೊಸದರಲ್ಲಿ ನಾನೇ ಹಾಗೆ ಹೇಳಿದ್ದೆ. ಅವರು ತರೀಕೆರೆಯವರು. ಮಗಳೊಬ್ಬಳು ಓಡಿಹೋದ ಮನೆ ಎಂಬ ಮಾತು ಅವರ ಕಿವಿಗೂ ಬಿದ್ದಿತ್ತು. ನನ್ನನ್ನು ಯಾವತ್ತೂ ಕೇಳಿರಲಿಲ್ಲ.

"ಮರೆತೋರ ತಟ್ಟೆಗೇ ಅಮ್ಮಿ ಯಾಕೆ ಮೊದ್ಲು ಬಡಿಸೋದು?"

ಆಸಿಮ್ ಟೋಪಿ ಸರಿಮಾಡಿಕೊಂಡು ನನ್ನನ್ನು ನೋಡಿದರು. "ಹೇಳು ಜಾಹೇದಾ. ಇದು ಯಾರ ಹೆಸರಿಗೆ?"

ಹೆಸರು ಹೇಳಿದರೆ ಅವಳನ್ನು ಸತ್ತವರ ಸಾಲಿಗೆ ಸೇರಿಸಿದಂತೆ. ಹೇಳದೆಯೂ ಇಷ್ಟು ವರ್ಷ ನಾನು ಮಾಡಿದ್ದು ಅದನ್ನೇ. ಎಲ್ಲೋ ಬದುಕಿರಬಹುದಾದ ಅಕ್ಕನಿಗೆ, ಮರೆಯಲಾರದೆ, ವರ್ಷವರ್ಷವೂ ಫಾತೇಹಾ ಓದಿಸಿದ್ದೆ. ನಿಜ ಹೇಳಿದ ಮೇಲೆ ಈ ಹುಡುಗಿ ನನ್ನನ್ನು ಮತ್ತೆ ಮೊದಲಿನ ಹಾಗೆ ಅಮ್ಮಿ ಎನ್ನುತ್ತಾಳೋ ಇಲ್ಲವೋ ಗೊತ್ತಿರಲಿಲ್ಲ.

ಆರನೆಯ ತಟ್ಟೆಯನ್ನು ಚಾಪೆಯಿಂದ ಎತ್ತಿ ಆಚೆಗಿಟ್ಟೆ.

"ಇದಕ್ಕೆ ಓದ್ಬೇಡಿ," ಎಂದೆ. "ಇದು ಸೂಫಿಯಾದು. ನನ್ನ ಅಕ್ಕ. ಅವಳು ಸತ್ಳು ಅಂತ ಯಾರೂ ಹೇಳಿಲ್ಲ. ಓಡಿಯೂ ಹೋಗ್ಲಿಲ್ಲ. ನಾನು ಸುಳ್ಳು ಹೇಳಿ ಹೊರಗೆ ಹಾಕಿಸ್ದೆ."

ಮದೀಹಾ ನನ್ನ ಮುಖ ನೋಡಲಿಲ್ಲ. ಆಸಿಮ್ ಉಳಿದ ಐದಕ್ಕೆ ಓದತೊಡಗಿದರು.

ಅಬ್ಬಾನಿಗೆ ಕೊಟ್ಟ ಮಾತನ್ನು ನಾನು ಮುರಿದೆ.