ನಾಲ್ಕು ಪ್ರಶ್ನೆ

ಪ್ರಾಣಿಯಿಂದ ಕಚ್ಚಿಸಿಕೊಂಡವರು ನಮ್ಮ ಆಸ್ಪತ್ರೆಯ ಇಂಜೆಕ್ಷನ್ ಕೋಣೆಗೆ ಬಂದರೆ ನಾನು ನಾಲ್ಕು ಪ್ರಶ್ನೆ ಕೇಳುತ್ತೇನೆ. ಯಾವ ಪ್ರಾಣಿ? ಯಾವಾಗ? ಸೋಪು ಹಚ್ಚಿ ತೊಳೆದಿರಾ? ಗಾಯಕ್ಕೆ ಏನು ಹಚ್ಚಿದಿರಿ? ಮೂರನೆಯದಕ್ಕೆ ಎಲ್ಲರೂ ಹೂಂ ಅಂತ ತಲೆಯಾಡಿಸುತ್ತಾರೆ. ನಾಲ್ಕನೆಯದಕ್ಕೆ ಬಣ್ಣ ಬಯಲಾಗುತ್ತದೆ. ಒಬ್ಬರು ಟೂತ್‌ಪೇಸ್ಟ್ ಮೆತ್ತಿರುತ್ತಾರೆ, ಇನ್ನೊಬ್ಬರು ಮೆಣಸಿನ ಪುಡಿ. ಒಬ್ಬ ಡ್ರೈವರ್ ಮಹಾಶಯ ಪೆಟ್ರೋಲ್ ಸುರಿದುಕೊಂಡು ಬಂದಿದ್ದ. ಯಾರೇ ಆಗಲಿ, ಮೂಲೆಯ ನಲ್ಲಿಯ ಕೆಳಗೆ ಹದಿನೈದು ನಿಮಿಷ ತೊಳೆಸಿದ ಮೇಲೆಯೇ ಸೂಜಿ. ಹನ್ನೊಂದು ವರ್ಷದಿಂದ ಇದೇ ಕೆಲಸ. ಸರದಿಯಲ್ಲಿ ಕೂತವರು ನನ್ನನ್ನು ಸೂಜಿಯಮ್ಮ ಅನ್ನುವುದೂ ನನಗೆ ಗೊತ್ತು.

ಅಕ್ಕ ತೀರಿಕೊಂಡು ಆರು ತಿಂಗಳಾಯಿತು. ಮೂರು ದಿನ ರಜೆ ಹಾಕಿ, ನಾಲ್ಕನೆಯ ದಿನ ಬಂದು ಕೂತೆ. ಕಣ್ಣಲ್ಲಿ ನೀರು ಬರಲಿಲ್ಲ. ಗಟ್ಟಿ ಹೆಂಗಸು ಅಂದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ನನಗೆ ಏನೂ ಅನ್ನಿಸುತ್ತಿರಲಿಲ್ಲ, ಅಷ್ಟೇ. ಉಂಡರೆ ಹೊಟ್ಟೆ ತುಂಬುತ್ತಿತ್ತು, ಏನು ಉಂಡೆ ಅನ್ನುವುದು ನೆನಪಿರುತ್ತಿರಲಿಲ್ಲ.

ಅಕ್ಕನದು ಸಣ್ಣದಕ್ಕೂ ಫೋನ್ ಮಾಡುವ ಸ್ವಭಾವ. ಇರುವೆ ಕಡಿದರೆ ಫೋನ್, ಕಂಬಳಿಹುಳ ಸೋಕಿದರೆ ಫೋನ್. ಜೇನು ಚುಚ್ಚಿದ ದಿನ ಮೂರು ಸಲ. "ಮುಳ್ಳನ್ನ ಉಗುರಲ್ಲಿ ಕೆರೆದು ತೆಗಿ, ಐಸ್ ಇಡು, ಉಸಿರು ಕಟ್ಟಿದ್ರೆ ಮಾತ್ರ ಆಸ್ಪತ್ರೆಗೆ ಓಡು," ಅಂದಿದ್ದೆ. "ಉಸಿರು ಕಟ್ಟೋದು ಅಂದ್ರೆ ಹೇಗಿರುತ್ತೆ ಕಣೇ?" ಅಂತ ನಾಲ್ಕನೇ ಸಲವೂ ಮಾಡಿದಳು.

ಆ ದಿನ ಅವಳ ಫೋನ್ ಬಂದಾಗ ಸರದಿಯಲ್ಲಿ ಇಪ್ಪತ್ತೇಳು ಜನ. "ಕಾಲಿಗೆ ಏನೋ ಗೀಚಿದೆ ಕಣೇ, ಚೂರೇ ಚೂರು," ಅಂದಳು.

"ತೊಳ್ದು ಮುಲಾಮು ಹಚ್ಚಕ್ಕ, ಏನಾಗಲ್ಲ. ಆಮೇಲೆ ಫೋನ್ ಮಾಡ್ತೀನಿ," ಅಂದೆ. ಮಾಡಲಿಲ್ಲ.

ಗೀಚಿದ್ದು ಮೆಟ್ಟಿಲ ಕೆಳಗಿದ್ದ ಬೀದಿ ನಾಯಿಮರಿಯ ಹಲ್ಲು. ಅದು ನನಗೆ ಅವಳ ಬಾಯಿಂದಲೇ ಗೊತ್ತಾಯಿತು, ನಲವತ್ತನೆಯ ದಿನ. ಅಷ್ಟು ಹೊತ್ತಿಗೆ ನೀರಿನ ಲೋಟ ಕಂಡರೆ ಅವಳ ಗಂಟಲು ಬಿಗಿಯುತ್ತಿತ್ತು. ಅಲ್ಲಿಗೆ ಬಂದ ಮೇಲೆ ಯಾವ ಸೂಜಿಯೂ ಕೆಲಸಕ್ಕೆ ಬರುವುದಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರೆ. ಊರಿಗೆಲ್ಲ ಕೇಳುವ ಮೊದಲ ಪ್ರಶ್ನೆಯನ್ನು ನಾನು ಒಡಹುಟ್ಟಿದವಳಿಗೆ ಕೇಳಿರಲಿಲ್ಲ. ಆ ಫೋನಿನ ವಿಷಯವನ್ನು ಯಾರಿಗೂ ಹೇಳಿರಲೂ ಇಲ್ಲ.

ಮೊನ್ನೆ ಸೋಮವಾರ ಸರದಿಯಲ್ಲಿ ಭಾವ ಕೂತಿದ್ದರು. ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದಿ ಬರೆದುಕೊಳ್ಳುವುದು ಅವರ ಕೆಲಸ. ಎಡಗೈಗೆ ಸುತ್ತಿದ್ದ ಕರವಸ್ತ್ರ ಬಿಚ್ಚಿದೆ. ಹೆಬ್ಬೆರಳ ಬುಡದಲ್ಲಿ ನಾಲ್ಕು ಹಲ್ಲು ಇಳಿದಿದ್ದವು.

"ಯಾವ ಪ್ರಾಣಿ?" ಬಾಯಿಪಾಠ, ತಾನಾಗಿಯೇ ಬಂತು.

ಭಾವ ನನ್ನ ಮುಖ ನೋಡಿದರು. "ಇದನ್ನ ಅವಳಿಗೆ ಕೇಳ್ಲಿಲ್ಲ ನೀನು."

ಅಂದರೆ ಇವರಿಗೆ ಮೊದಲಿಂದಲೂ ಗೊತ್ತಿತ್ತು. ನಾನು ಪೆನ್ನು ಹಿಡಿದು ಕೂತೇ ಇದ್ದೆ. ಮಿಕ್ಕದ್ದಕ್ಕೆ ಅವರೇ ಉತ್ತರ ಕೊಟ್ಟರು. "ಬೀದಿ ನಾಯಿ. ನಿನ್ನೆ ಮಧ್ಯಾಹ್ನ. ತೊಳ್ದಿಲ್ಲ, ಏನೂ ಹಚ್ಚಿಲ್ಲ. ಇಂಜೆಕ್ಷನ್ ಬೇಕಾಗಿಲ್ಲ ಅಂತ ಒಂದು ಚೀಟಿ ಬರ್ಕೊಡು. ಇಲ್ದಿದ್ರೆ ಆಫೀಸಲ್ಲಿ ಕೆಲಸಕ್ಕೆ ಬಿಡಲ್ವಂತೆ."

"ಹಾಕಿಸ್ಕೊಳ್ದಿದ್ರೆ ಏನಾಗುತ್ತೆ ಗೊತ್ತಲ್ಲ ಭಾವ."

"ಕಣ್ಣಾರೆ ನೋಡಿದೀನಲ್ಲ."

ಮೊಣಕೈ ಹಿಡಿದು ಎಬ್ಬಿಸಿ ನಲ್ಲಿಯ ಹತ್ತಿರ ಕರೆದುಕೊಂಡು ಹೋದೆ. ತೊಳೆದುಕೊಳ್ಳುವುದು ಅವರವರ ಕೆಲಸ, ನಾನು ಗಡಿಯಾರ ನೋಡುವವಳು. ಅವತ್ತು ಕೈಗವಸು ಹಾಕಿಕೊಂಡು ನಾನೇ ಸೋಪು ಹಚ್ಚಿದೆ. ಹಿಂದಿನಿಂದ ಯಾರೋ, "ಸೂಜಿಯಮ್ಮಂಗೆ ಬೇಕಾದವ್ರು ಅಂತ ಕಾಣುತ್ತೆ, ಉಪಚಾರ ಜೋರಾಗಿದೆ," ಅಂದರು.

ನೊರೆ ತೊಳೆದು ಮತ್ತೆ ಸೋಪು ಹಚ್ಚಿದೆ.

"ಅವಳು ಫೋನ್ ಮಾಡ್ದಾಗ ಪಕ್ಕದಲ್ಲೇ ಕೂತಿದ್ದೆ," ಅಂದರು ಭಾವ, ನೀರನ್ನೇ ನೋಡುತ್ತ. "ಡಾಕ್ಟ್ರಿಗೆ ತೋರಿಸ್ಲಾ ಅಂತ ಆಮೇಲೂ ಕೇಳಿದ್ಲು. ನಿನ್ನ ತಂಗೀನೇ ಏನಾಗಲ್ಲ ಅಂದ್ಲಲ್ಲ, ಇನ್ಯಾವ ಡಾಕ್ಟ್ರು ಅಂತ ನಕ್ಕೆ. ಆ ಮರಿ ಕಚ್ಚಿದ್ದನ್ನ ನಾನು ನೋಡಿದ್ದೆ ಕಣಮ್ಮ. ನಿಂಗಾದ್ರೆ ಗೊತ್ತಿರ್ಲಿಲ್ಲ."

ನನ್ನೊಬ್ಬಳ ತಲೆಯ ಮೇಲಿದೆ ಅಂದುಕೊಂಡಿದ್ದ ಹೊರೆಯನ್ನು ಅವರೂ ಹೊತ್ತು ತಿರುಗುತ್ತಿದ್ದರು. ಕೇಳಿ ಸಮಾಧಾನ ಆಗಬೇಕಿತ್ತೇನೋ, ಇಲ್ಲ ಸಿಟ್ಟಾದರೂ ಬರಬೇಕಿತ್ತು. ಎರಡೂ ಆಗಲಿಲ್ಲ. ಗಡಿಯಾರದಲ್ಲಿ ಇನ್ನೂ ಆರು ನಿಮಿಷ ಬಾಕಿ ಇತ್ತು. "ಕೈ ಮಗುಚಿ," ಅಂದೆ.

"ಉರೀತಿದೆ."

"ಉರೀಲಿ. ಚೀಟಿ ಬರ್ಕೊಡಲ್ಲ ಭಾವ. ಇನ್ನೊಂದು ಸಾವು ನೋಡೋ ಶಕ್ತಿ ನಂಗಿಲ್ಲ."

ಅವರು ಕೈಯನ್ನು ನೀರಿನ ಕೆಳಗೇ ಹಿಡಿದರು. ಡಾಕ್ಟರು ಬಂದು ನೋಡಿ ಹೋದರು. ಗಾಯದೊಳಕ್ಕೆ ಒಂದು ಔಷಧ, ತೋಳಿಗೆ ಒಂದು. ಕಾರ್ಡಿನಲ್ಲಿ ಐದು ತಾರೀಖು ಬರೆದು ಫೋನ್ ನಂಬರ್ ಕೇಳಿದೆ.

"ನನ್ನದು ಕೆಟ್ಟಿದೆ. ಅವಳದ್ದೇ ಇಟ್ಕೊಂಡಿದೀನಿ," ಅಂದರು. ಅವರು ಹೇಳುವ ಮೊದಲೇ ಆ ಹತ್ತು ಅಂಕಿ ಬರೆದಿದ್ದೆ.

"ಗುರುವಾರ ಎರಡನೇದು. ಬರ್ಲಿಲ್ಲ ಅಂದ್ರೆ ಫೋನ್ ಮಾಡ್ತೀನಿ."

"ಅವಳಿಗೂ ಹಾಗೇ ಅಂದಿದ್ಯಲ್ಲ." ಚುಚ್ಚಬೇಕೆಂದು ಆಡಿದ ಮಾತಲ್ಲ. ಮೀಟರ್ ಓದಿದ ಹಾಗೆ, ಇದ್ದದ್ದನ್ನು ಹೇಳಿದರು.

ಗುರುವಾರ ಹನ್ನೆರಡೂವರೆ ಆದರೂ ಭಾವನ ಸುಳಿವಿರಲಿಲ್ಲ. ಒಂದು ಗಂಟೆಗೆ ಕೋಣೆ ಮುಚ್ಚುತ್ತೇವೆ. ಬೆಕ್ಕು ಪರಚಿದ ಟೀಚರ್ ಒಬ್ಬರು ಅಂಗಿಯ ತೋಳು ಮಡಚಿಕೊಂಡು ನನ್ನ ಮುಂದೆ ಕೂತಿದ್ದರು, ಅವರ ಹಿಂದೆ ಬಾಗಿಲ ತನಕ ಜನ. "ಒಂದು ನಿಮಿಷ," ಅಂದೆ. ಎಲ್ಲರೂ ಗೊಣಗಿದರು. ಫೋನಿನಲ್ಲಿ ಆ ನಂಬರ್ ಇನ್ನೂ 'ಅಕ್ಕ' ಅಂತಲೇ ಇತ್ತು. ಒತ್ತಿದೆ.

"ಹೂಂ," ಅಂದರು ಭಾವ.

"ಎಲ್ಲಿದೀರಿ?"

"ನಿಮ್ಮ ಗೇಟ್ ಹತ್ರಾನೇ. ಹನ್ನೊಂದರಿಂದ ಇಲ್ಲೇ ನಿಂತಿದೀನಿ."

"ಮತ್ತೆ ಒಳಗೆ ಬರೋಕೇನಾಗಿತ್ತು?"

"ಮಾಡ್ತೀಯೋ ಇಲ್ವೋ ಅಂತ ನೋಡ್ತಿದ್ದೆ ಕಣಮ್ಮ."

ಆರು ತಿಂಗಳಿಂದ ಬಾರದ ಅಳು ಆಗ ಬಂತು. ಅಷ್ಟು ಜನರ ಮುಂದೆ, ಒಂದು ಕೈಯಲ್ಲಿ ಸೂಜಿ, ಇನ್ನೊಂದರಲ್ಲಿ ಫೋನು. ಟೀಚರ್ ಏನೂ ಕೇಳದೆ ಸೂಜಿಯನ್ನು ನನ್ನ ಕೈಯಿಂದ ತೆಗೆದು ತಟ್ಟೆಯಲ್ಲಿಟ್ಟರು. ಭಾವ ಒಳಗೆ ಬಂದು ಸರದಿಯ ಕೊನೆಯಲ್ಲಿ ಕೂತರು.