ಎಲ್ರೊಯ್‌ನ ನಿದ್ದೆ

ಆ ಬೆಳಗ್ಗೆ ಜೆಪ್ಪುವಿನಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. ರಾತ್ರಿ ಕಡಲಿನ ಕಡೆ ಗುಡುಗಿದ ಮೋಡ, ಒಣಗಲು ಹಾಕಿದ ಬಟ್ಟೆಯನ್ನೆಲ್ಲ ಜನರಿಂದ ಒಳಗೆ ತರಿಸಿ, ಕೊನೆಗೆ ಒಂದು ಹನಿಯನ್ನೂ ಬೀಳಿಸದೆ ಘಟ್ಟದ ಕಡೆ ನಡೆದುಬಿಟ್ಟಿತ್ತು. ಬಿಟ್ಟುಹೋದದ್ದು ಸೆಕೆ ಮಾತ್ರ. ಇಗರ್ಜಿಯಲ್ಲಿ ಬೆಳಗಿನ ಪೂಜೆ ಮುಗಿಸಿ ಬಂದ ಎಸ್ತೆರ್ ಸೆರಗಿನಲ್ಲಿ ಮುಖ ಒರೆಸುತ್ತ ಅಡುಗೆಮನೆಗೆ ಕಾಲಿಟ್ಟಾಗ, ಮಗ ಎಲ್ರೊಯ್ ತಟ್ಟೆಯ ಮುಂದೆ ಕೂತಲ್ಲೇ ನಿದ್ದೆ ಹೋಗಿದ್ದ. ನೀರುದೋಸೆಯ ಚೂರು ಬೆರಳುಗಳ ನಡುವೆ ಹಾಗೇ ಇತ್ತು.

"ನೋಡು ನಿನ್ನ ಮಗನನ್ನು," ಅಂದ ಗಂಡ ರೇಮಂಡ್. "ಇವನ ಪರೀಕ್ಷೆ ಉಂಟಾ ಇಲ್ವಾ ಅಂತ ಇವತ್ತು ತೀರ್ಮಾನ. ಇವ ಗೊರಕೆ ಹೊಡೀತಾನೆ."

"ಗೊರಕೆ ಅಲ್ಲ, ಉಸಿರಾಡ್ತಾ ಇದ್ದಾನೆ. ಅದಕ್ಕೂ ಕಾಲೇಜಿನವರ ಪರ್ಮಿಶನ್ ಬೇಕಾ?"

ಕುವೈಟ್‌ನಿಂದ ಬಂದು ಬೈಕಂಪಾಡಿಯ ಒಂದು ಗೋಡೌನಿನಲ್ಲಿ ಕೆಲಸಕ್ಕೆ ಸೇರಿದವನು ರೇಮಂಡ್. ಮೇಲಿನವರ ಎದುರು ಸ್ವರ ತಗ್ಗಿಸಿ ಅಭ್ಯಾಸವಾದವನು. ಕಿಸೆಯಲ್ಲಿ ಪೆನ್ನು ಸಿಕ್ಕಿಸಿಕೊಂಡೇ ಹೊರಟಿದ್ದ. ಇವತ್ತು ಪ್ರಿನ್ಸಿಪಾಲರ ಕೋಣೆಯಲ್ಲಿ ಮುಚ್ಚಳಿಕೆಗೆ ಸಹಿ ಹಾಕಬೇಕಿತ್ತು. ತಮ್ಮ ಮಗನಿಗೆ ಮಾದಕ ವಸ್ತುವಿನ ಚಟ ಉಂಟು, ಅವನನ್ನು ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸುತ್ತೇವೆ ಎಂದು ತಂದೆ ತಾಯಿ ಒಪ್ಪಿಕೊಂಡರೆ ಮಾತ್ರ ಡಿಗ್ರಿಯ ಕೊನೆಯ ಪರೀಕ್ಷೆಯ ಹಾಲ್ ಟಿಕೆಟ್. ಒಪ್ಪದಿದ್ದರೆ ವರ್ಷ ಹೋಯಿತು.

ಹುಡುಗ ಯಾವ ಚಟದವನೂ ಆಗಿರಲಿಲ್ಲ. ಅವನಿಗೆ ಇದ್ದದ್ದು ನಿದ್ದೆ.

ಪಿಯುಸಿಯಲ್ಲಿ ಶುರುವಾದದ್ದು. ಮೊದಲು ಕ್ಲಾಸಿನಲ್ಲಿ, ಆಮೇಲೆ ಸಂಜೆ ಮನೆಯಲ್ಲಿ ತೇರ್ಸ್ ಜಪ ಹೇಳುವಾಗ, ಕೈಯಲ್ಲಿ ಜಪಮಾಲೆ ಇರುವಂತೆಯೇ. ಸಿಟಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಲ್ಲೇ ಮಲಗಿ ಇಳಿಯುವ ಸ್ಟಾಪ್ ದಾಟಿಹೋಗುತ್ತಿದ್ದ. ರಾತ್ರಿ ಬೇಗ ಮಲಗಿಸಿದರು. ಮಧ್ಯೆ ಮಧ್ಯೆ ಎಚ್ಚರವಾಗಿ, ಬೆಳಗ್ಗೆ ಏಳುವಾಗ ಹೊಲ ಉತ್ತು ಬಂದವನ ಹಾಗೆ ಏಳುತ್ತಿದ್ದ. ಮೊಬೈಲ್ ಕಸಿದರು. ಬ್ರಾಹ್ಮಿ ಎಣ್ಣೆ ತಟ್ಟಿದರು. ಸಕ್ಕರೆ ಹಾಕದ ಕಾಫಿ ಕುಡಿಸಿದರು. ರಕ್ತ ಪರೀಕ್ಷೆ ಮಾಡಿಸಿದರು, ಎಲ್ಲ ಸರಿ ಉಂಟು ಎಂದು ಬಂತು. ಎಲ್ಲ ಸರಿ ಉಂಟು ಎಂದ ಮೇಲೆ ಜನರಿಗೆ ಉಳಿಯುವುದು ಒಂದೇ ಮಾತು, ಸೋಮಾರಿ. ಮೇಸ್ಟ್ರು ಹೇಳಿದರು, ನೆಂಟರು ಹೇಳಿದರು, ಮೀನಿನವಳೂ ಹೇಳಿದಳು. ಕೇಳಿ ಕೇಳಿ ಹುಡುಗ ತಾನೂ ಹಾಗೇ ನಂಬಿದ್ದ. ಬೆಂಚಿನ ಕೆಳಗೆ ತೊಡೆಗೆ ಪೆನ್ನಿನ ಮೊನೆ ಚುಚ್ಚಿಕೊಂಡು ಪಾಠ ಕೇಳುತ್ತಿದ್ದನಂತೆ. ಪ್ಯಾಂಟು ಒಗೆಯುವಾಗ ಶಾಯಿಯ ಕಲೆಗಳನ್ನು ಕಂಡು, ಇಷ್ಟು ದೊಡ್ಡವನಾಗಿ ಪೆನ್ನು ಹಿಡಿಯಲು ಬರುವುದಿಲ್ಲವೇ ಎಂದು ಎಸ್ತೆರ್ ಗದರಿದ್ದಳು. ನಿಜ ತಿಳಿದ ದಿನ ಅವಳು ದೇವರ ಪೀಠದ ಮುಂದೆ ಮೊಣಕಾಲೂರಿದವಳು ಒಂದು ಮಾತೂ ಹೊರಡದೆ ಎದ್ದಿದ್ದಳು.

ಬೆಂಕಿ ಹತ್ತಿದ್ದು ಮಗಳು ಸೋನಿಯಾಳ ರೋಸ್ ದಿನ. ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ಆ ಶಾಸ್ತ್ರದಲ್ಲಿ ಹಾಡು, ಗಲಾಟೆ, ದೊಡ್ಡವರಿಗೆ ಎರಡು ಗ್ಲಾಸು, ಎಲ್ಲ ಇದ್ದದ್ದೇ. ಯಾರೋ ಮಾವ ಮದುಮಗನ ಬೋಳುತಲೆಯ ಬಗ್ಗೆ ಪದ ಕಟ್ಟಿ ಹಾಡಿದ. ಪಂದಲ್ ಇಡೀ ನಕ್ಕಿತು. ಎಲ್ರೊಯ್ ಕೂಡ ನಕ್ಕ, ಮತ್ತು ನಗುತ್ತಿದ್ದಂತೆಯೇ ಅವನ ದವಡೆ ಜೋತಿತು, ಮೊಣಕಾಲು ಮಡಚಿತು, ಹಾಲಿನ ಬಟ್ಟಲಿನ ಸಮೇತ ಅಕ್ಕನ ಕಾಲಬುಡದಲ್ಲಿ ಬಿದ್ದ.

"ಮದುಮಗಳ ತಮ್ಮನಿಗೆ ಸ್ವಲ್ಪ ಜಾಸ್ತಿ ಆಗಿದೆ ಮಾರಾಯ್ರೆ!" ಅಂದರು ಜನ. ಮತ್ತೂ ನಕ್ಕರು.

ನಗದೆ ನಿಂತವರು ಯೂಸ್ಟೇಸ್ ಸರ್. ವಾಡೊದ ಗುರ್ಕಾರ್ ಅವರು. ಅಂದರೆ ಆ ಬೀದಿಯ ಕ್ರೈಸ್ತ ಮನೆಗಳಿಗೆಲ್ಲ ಇಗರ್ಜಿಯ ಪರವಾಗಿ ಹಿರಿಯರು. ಎಲ್ರೊಯ್ ಓದುವ ಕಾಲೇಜಿನಲ್ಲಿ ಅಕೌಂಟೆನ್ಸಿ ಕಲಿಸುವವರು. ಮಕ್ಕಳ ಮೇಲೆ ಪ್ರೀತಿ ಇಲ್ಲದವರಲ್ಲ. ತಮ್ಮ ಕಣ್ಣು ತಪ್ಪಲಾರದು ಎಂಬ ನಂಬಿಕೆ ಮಾತ್ರ ಬಲವಾಗಿತ್ತು. ವಾರ ಕಳೆಯುವ ಮುಂಚೆ ಕಾಲೇಜಿನ ಡ್ರಗ್ಸ್ ವಿರೋಧಿ ಕಮಿಟಿಗೆ ದೂರು ಬರೆದುಕೊಟ್ಟರು. ಹುಡುಗನ ಒಳ್ಳೆಯದಕ್ಕೇ ಎಂದು.

ಕಮಿಟಿಯವರು ಹುಡುಗನನ್ನು ಸಹಪಾಠಿಗಳ ಎದುರಿನಿಂದಲೇ ಎಬ್ಬಿಸಿ ಮೂತ್ರ ಪರೀಕ್ಷೆಗೆ ಕರೆದುಕೊಂಡು ಹೋದರು. ಏನೂ ಸಿಗಲಿಲ್ಲ. ಸಿಗದಿದ್ದರೆ ಸುಮ್ಮನಾಗಬೇಕಲ್ಲ? ಪರೀಕ್ಷೆಗೆ ಸಿಗದ ಹೊಸ ನಮೂನೆಯದ್ದು ಈಗ ಬರ್ತದೆ ಎಂದರು.

ಮಸ್ಕತ್‌ನಲ್ಲಿ ನರ್ಸ್ ಆಗಿರುವ ಸೋನಿಯಾ ಗಂಡನೊಂದಿಗೆ ವಿಮಾನ ಹತ್ತುವ ಮುಂಚೆ ತಮ್ಮನನ್ನು ಹತ್ತಿರ ಕೂರಿಸಿಕೊಂಡು ಕೇಳಿದಳು.

"ಬಿದ್ದಾಗ ನಿಂಗೆ ಜ್ಞಾನ ಇತ್ತಾ?"

"ಇತ್ತು. ಎಲ್ಲ ಕೇಳಿಸ್ತಿತ್ತು. ಜಾಸ್ತಿ ಆಗಿದೆ ಅಂದದ್ದೂ ಕೇಳಿಸ್ತು. ಅಲ್ಲ ಅಂತ ಹೇಳುವ ಅಂದ್ರೆ ಬಾಯಿ ಬರ್ಲಿಲ್ಲ."

"ಮೊದ್ಲೂ ಹೀಗೆ ಆಗಿದ್ಯಾ?"

"ಜೋರು ನಗು ಬಂದ್ರೆ ಆಗ್ತದೆ. ಕ್ಲಾಸಿನ ನಿಯಾಝ್ ಬೇಕಂತ್ಲೇ ಜೋಕ್ ಹೇಳ್ತಿದ್ದ, ನನ್ನ ತಲೆ ಜೋಲುವುದು ನೋಡ್ಲಿಕ್ಕೆ."

ಸೋನಿಯಾಳ ಮುಖ ಗಂಭೀರವಾಯಿತು. ಇದು ಏನೆಂದು ತನಗೂ ಗೊತ್ತಿಲ್ಲ, ಆದರೆ ಕುಡಿತವಂತೂ ಅಲ್ಲ, ನರರೋಗದ ಡಾಕ್ಟರಿಗೆ ತೋರಿಸಿ ಎಂದಳು. ಹಾಗೆ ಹೋದದ್ದು ಡಾ. ಸ್ನೇಹಲತಾ ಅವರ ಹತ್ತಿರ. ಇಷ್ಟು ವರ್ಷದಲ್ಲಿ ಹುಡುಗನ ಮಾತನ್ನು ಕೊನೆತನಕ ಕೇಳಿದ ಮೊದಲ ದೊಡ್ಡವರು ಅವರು. ಎಚ್ಚರವನ್ನು ಹಿಡಿದಿಡುವ ಮಿದುಳಿನ ಕೆಲಸವೇ ತಪ್ಪಿದ ಕಾಯಿಲೆ ಇದಾಗಿರಬಹುದು, ರಾತ್ರಿ ಮಲಗಿಸಿ, ಮರುದಿನ ಹಗಲೂ ಮಲಗಿಸಿ ನೋಡುವ ಪರೀಕ್ಷೆ ಆಗದೆ ಹೆಸರು ಬರೆಯಲಾರೆ ಎಂದರು. ಆ ಪರೀಕ್ಷೆಗೆ ಕಾಯಬೇಕಿತ್ತು. ಕಾಲೇಜು ಕಾಯಲು ಸಿದ್ಧವಿರಲಿಲ್ಲ. ಹೆಸರಿಲ್ಲದ ಕಾಯಿಲೆಯನ್ನು ಅದು ಕಾಯಿಲೆ ಎನ್ನುವುದಿಲ್ಲ, ದುರ್ಗುಣ ಎನ್ನುತ್ತದೆ.

ಮುಚ್ಚಳಿಕೆಯ ಆ ದಿನ ಬೆಳಗ್ಗೆ ಬರಹೇಳಿದ ಕಾಲೇಜಿನವರು ಅವರನ್ನು ಒಳಗೆ ಕರೆದದ್ದು ಮಧ್ಯಾಹ್ನದ ಊಟ ಮುಗಿಸಿಕೊಂಡು ಬಂದ ಮೇಲೆ. ಅಷ್ಟು ಹೊತ್ತೂ ಮೂವರು ಆಫೀಸಿನ ಹೊರಗಿನ ಬೆಂಚಿನಲ್ಲಿ ಕೂತಿದ್ದರು. ಎಲ್ರೊಯ್ ಅಮ್ಮನ ಭುಜಕ್ಕೆ ಒರಗಿ ಮಲಗಿದ. ಹೋಗಿಬರುವವರು ನೋಡಿ ಕಣ್ಣಲ್ಲೇ ಮಾತಾಡಿಕೊಂಡರು. ಎಸ್ತೆರ್ ಭುಜ ಅಲುಗಿಸಲಿಲ್ಲ.

ಒಳಗೆ ಪ್ರಿನ್ಸಿಪಾಲ್, ಯೂಸ್ಟೇಸ್ ಸರ್, ಕಿಟಕಿಯ ಪಕ್ಕದ ಮೆತ್ತನೆ ಕುರ್ಚಿಯಲ್ಲಿ ಕಮಿಟಿಯ ಹಿರಿಯ ಸದಸ್ಯರಾದ ಒಬ್ಬ ನಿವೃತ್ತ ಪ್ರೊಫೆಸರ್. ಕರೆಂಟು ಹೋಗಿ ಫ್ಯಾನು ನಿಂತಿತ್ತು. ಎಲ್ರೊಯ್‌ಗೆ ಕೂರಲು ಹೇಳಲಿಲ್ಲ.

"ಎಸ್ತೆರ್‌ಬಾಯಿ, ನಾವು ಶತ್ರುಗಳಲ್ಲ," ಎಂದರು ಯೂಸ್ಟೇಸ್ ಸರ್. "ಒಂದು ಸಹಿ. ವಿಷಯ ನಾಲ್ಕು ಗೋಡೆಯ ಒಳಗೇ ಇರ್ತದೆ."

"ಗುರ್ಕಾರರೇ, ನಿಮ್ಮ ಮನೆಯ ಪೀಠದಲ್ಲಿ ಮಲಗಿದ ಸಂತ ಜೋಸೆಫರ ಪ್ರತಿಮೆ ಉಂಟಲ್ಲ?"

"ಉಂಟು. ಅದೆಂತಕ್ಕೆ ಈಗ?"

"ನಮ್ಮ ಮನೆಯಲ್ಲೂ ಉಂಟು. ಅವರು ಮಲಗಿದ್ದಾಗಲೇ ದೇವರು ಅವರ ಹತ್ತಿರ ಮಾತಾಡಿದ್ದು ಅಂತ ನೀವೇ ಅಲ್ವಾ ಮಕ್ಕಳಿಗೆ ಹೇಳುವುದು? ಮಲಗಿದ ಸಂತನಿಗೆ ಕ್ಯಾಂಡಲ್ ಹಚ್ತೀರಿ. ಮಲಗಿದ ಹುಡುಗನಿಗೆ ಚಟದವನ ಪಟ್ಟ ಕಟ್ತೀರಿ."

"ಶ್, ಎಸ್ತೆರ್," ಎಂದ ರೇಮಂಡ್.

ಪ್ರಿನ್ಸಿಪಾಲ್ ಗಂಟಲು ಸರಿಮಾಡಿಕೊಂಡರು. "ಭಾವನೆಯ ಮಾತು ಬೇಡ ಮ್ಯಾಡಂ. ವಿದ್ಯಾರ್ಥಿ ಅಂದ್ರೆ ಎಂತ? ಎಚ್ಚರ! ದೇಹದಲ್ಲಿ ಎಚ್ಚರ, ಮನಸ್ಸಿನಲ್ಲಿ ಎಚ್ಚರ. ತರಗತಿಯಲ್ಲಿ ಎಚ್ಚರ ಇಲ್ಲದವನು ಜೀವನದಲ್ಲಿ..."

ಕಿಟಕಿಯ ಪಕ್ಕದಿಂದ ಒಂದು ಶಬ್ದ ಬಂತು. ಒದ್ದೆ ಸೌದೆ ಗರಗಸಕ್ಕೆ ಕೊಟ್ಟ ಹಾಗೆ. ಎಲ್ಲರೂ ತಿರುಗಿದರು. ಹಿರಿಯ ಸದಸ್ಯರು ಬಾಯಿ ತೆರೆದು, ಗಲ್ಲವನ್ನು ಎದೆಗೆ ಕೊಟ್ಟು, ಊಟದ ಮೇಲಿನ ಸೆಕೆಯಲ್ಲಿ ಸುಖವಾಗಿ ಗೊರಕೆ ಹೊಡೆಯುತ್ತಿದ್ದರು. ಕನ್ನಡಕ ಮೂಗಿನ ತುದಿಗೆ ಇಳಿದಿತ್ತು.

ಎಲ್ರೊಯ್ ತುಟಿ ಕಚ್ಚಿದ. ಭುಜ ಅದುರಿತು.

"ನಗಬೇಡ ಮಗಾ," ಎಂದಳು ಎಸ್ತೆರ್. ಯಾವ ತಾಯಿ ಮಗನಿಗೆ ಹೀಗೆ ಬೇಡಿಕೊಂಡಾಳು? "ನನ್ನ ಬಂಗಾರ, ನಗಬೇಡ."

ಮತ್ತೊಂದು ಗೊರಕೆ ಎದ್ದಿತು, ಕೊನೆಯಲ್ಲಿ ಸಣ್ಣ ಸೀಟಿಯ ಸಮೇತ. ಎಲ್ರೊಯ್ ನಕ್ಕುಬಿಟ್ಟ. ಗಲ್ಲ ಜೋತಿತು, ಮೊಣಕಾಲು ಸೋತಿತು. ಹತ್ತಿರ ನಿಂತಿದ್ದ ಯೂಸ್ಟೇಸ್ ಸರ್ ಹಿಡಿಯದಿದ್ದರೆ ಮೇಜಿನ ಅಂಚಿಗೆ ತಲೆ ಬಡಿಯುತ್ತಿತ್ತು. ಭಾರಕ್ಕೆ ಅವರೂ ನೆಲಕ್ಕೆ ಕೂತರು, ಹುಡುಗನ ತಲೆ ಅವರ ತೊಡೆಯ ಮೇಲೆ.

ಪ್ರಿನ್ಸಿಪಾಲ್ ಬಗ್ಗಿ ಮೆಲ್ಲಗೆ ಅಂದರು, "ನಾಟಕ. ಬಿಟ್ಟುಬಿಡಿ, ತಾನೇ ಏಳ್ತಾನೆ."

ಯೂಸ್ಟೇಸ್ ಸರ್ ಹುಡುಗನ ಮುಖದ ಹತ್ತಿರ ಮುಖ ತಂದರು. "ವಾಸನೆ ಎಂತದ್ದೂ ಇಲ್ಲ ಸರ್," ಎಂದರು. ಆ ಸ್ವರ ಅವರದ್ದೇ ಎಂದು ಅನ್ನಿಸಲಿಲ್ಲ.

ಸ್ವಲ್ಪ ಹೊತ್ತಿಗೆ ಎಲ್ರೊಯ್‌ನ ಬೆರಳು ಆಡಿತು. ಎದ್ದು ಕೂತು, ಅಂಗಿ ಸರಿಮಾಡಿಕೊಂಡು, ಮೊದಲು ಪ್ರಿನ್ಸಿಪಾಲರ ಕಡೆ ನೋಡಿದ.

"ನಾಟಕ ಅಲ್ಲ ಸರ್."

ಹುಡುಗ ಯೂಸ್ಟೇಸ್ ಸರ್ ಕಡೆ ತಿರುಗಿದ. ಸಿಟ್ಟೇನೂ ಇರಲಿಲ್ಲ ಸ್ವರದಲ್ಲಿ. "ರೋಸ್ ದಿನವೂ ನಂಗೆ ಎಲ್ಲ ಕೇಳಿಸ್ತಿತ್ತು ಸರ್. ಆ ದಿನ ನೀವು ಹತ್ತಿರ ಬರ್ಲಿಲ್ಲ. ದೂರದಿಂದ್ಲೇ ಹೇಳಿದ್ದು, ಕುಡ್ದದ್ದಲ್ಲ, ಬೇರೆ ಏನೋ ತಗೊಂಡಿದ್ದಾನೆ ಅಂತ."

ಗಲಾಟೆಗೆ ಹಿರಿಯ ಸದಸ್ಯರಿಗೆ ಎಚ್ಚರವಾಯಿತು. "ಹಾಂ ಹಾಂ, ಒಪ್ಪಿದೆ, ಒಪ್ಪಿದೆ," ಎಂದರು ಕನ್ನಡಕ ಹುಡುಕುತ್ತ.

ಎಸ್ತೆರ್ ಎದ್ದು ನಿಂತಳು. ಎಷ್ಟೋ ವರ್ಷಗಳಿಂದ ಮಡಚಿಟ್ಟದ್ದು ಅವಳೊಳಗೆ ಒಮ್ಮೆಲೇ ಬಿಚ್ಚಿಕೊಂಡಿತ್ತು.

"ಇವರ ಮೂತ್ರ ಯಾವಾಗ ತೆಗೀತೀರಿ ಸರ್? ಇಲ್ವಾ? ಇವರು ಮಲಗಿದ್ರೆ ವಯಸ್ಸು, ಸೆಕೆ, ಊಟ. ನನ್ನ ಮಗ ಮಲಗಿದ್ರೆ ಗಾಂಜಾ. ಅವ ತೊಡೆಗೆ ಪೆನ್ನು ಚುಚ್ಚಿಕೊಂಡು ನಿಮ್ಮ ಪಾಠ ಕೇಳಿದ್ದಾನೆ, ಗೊತ್ತುಂಟಾ ನಿಮಗೆ? ನಿಮ್ಮಲ್ಲಿ ಒಬ್ಬರಾದ್ರೂ ಅವನ ಹತ್ತಿರ ಕೂತು, ಎಂತ ಆಗ್ತದೆ ಮಗಾ ನಿಂಗೆ ಅಂತ ಕೇಳಿದ್ರಾ? ಓದುವ ಮಕ್ಕಳಿಗೆ ಕಾಯಿಲೆ ಬರ್ಲೇಬಾರ್ದಾ? ಬಂದ್ರೆ ನಿಮಗೆ ಗೊತ್ತಿರುವ ಹೆಸರಿನದ್ದೇ ಬರ್ಬೇಕಾ?"

"ಡಾಕ್ಟರ ರಿಪೋರ್ಟ್ ಬರಲಿ ಮ್ಯಾಡಂ. ಆಮೇಲೆ ನೋಡುವ," ಎಂದರು ಪ್ರಿನ್ಸಿಪಾಲ್, ಮೇಜಿನ ಮೇಲಿನ ಕಾಗದ ನೇರಮಾಡುತ್ತ. "ಸದ್ಯಕ್ಕೆ ಸಹಿ..."

ಆಗ ರೇಮಂಡ್ ಆ ಕಾಗದವನ್ನು ಒಂದು ಬೆರಳಿನಿಂದ ಅವರ ಕಡೆಗೇ ಜಾರಿಸಿದ. "ಆಗುವುದಿಲ್ಲ ಸರ್," ಎಂದ. ಸ್ವರ ತಗ್ಗಿಯೇ ಇತ್ತು. "ಸುಳ್ಳಿಗೆ ಸಹಿ ಹಾಕಿ ಮಗನನ್ನು ಪಾಸ್ ಮಾಡಿಸ್ಲಿಕ್ಕೆ ನನ್ನಿಂದ ಆಗುವುದಿಲ್ಲ."

ಹಾಲ್ ಟಿಕೆಟ್ ಇಲ್ಲದೆಯೇ ಮೂವರೂ ಬಸ್ಸು ಹತ್ತಿದರು. ವರ್ಷ ಹೋಯಿತು ಎಂದುಕೊಂಡೇ ಇಳಿದರು.

ಸಂಜೆ ತೇರ್ಸ್ ಶುರುವಾಗುವ ಹೊತ್ತಿಗೆ ಗೇಟಿನ ಸದ್ದಾಯಿತು. ಯೂಸ್ಟೇಸ್ ಸರ್. ಯಾವಾಗಲೂ ಗುರ್ಕಾರಿಕೆಯ ಠೀವಿಯಲ್ಲಿ ಒಳಗೆ ಬರುವವರು ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ಅಲ್ಲೇ ನಿಂತರು. ಅಂಗಿ ಬೆವರಿನಲ್ಲಿ ತೊಯ್ದಿತ್ತು.

"ನನ್ನ ದೂರು ನಾನು ವಾಪಸ್ ತಗೊಂಡೆ, ಎಸ್ತೆರ್‌ಬಾಯಿ. ತಪ್ಪು ನನ್ನದು ಅಂತ ಬರ್ದು ಕೊಟ್ಟೆ. ಪ್ರಿನ್ಸಿಪಾಲರು ಸ್ವಲ್ಪ ಹೊತ್ತು ಹಾರಾಡಿದ್ರು. ಕಡೆಗೆ ಕೊಟ್ರು." ಕಿಸೆಯಿಂದ ಲಕೋಟೆ ತೆಗೆದು ಅವಳ ಕಡೆ ಚಾಚಿದರು. "ಹಾಲ್ ಟಿಕೆಟ್."

ಎಸ್ತೆರ್ ಕೈ ಮುಂದೆ ಮಾಡಲಿಲ್ಲ.

"ನನ್ನ ಕೈಗೆ ಬೇಡ. ಅವನದ್ದು. ಅವನ ಕೈಗೇ ಕೊಡಿ."

"ಎಲ್ಲಿದ್ದಾನೆ?"

ಅವಳು ಒಳಗೆ ತೋರಿಸಿದಳು. ಚಾವಡಿಯ ಬೆಂಚಿನ ಮೇಲೆ ಎಲ್ರೊಯ್ ಮಗ್ಗುಲಾಗಿ ಮಲಗಿದ್ದ, ಕೆನ್ನೆಯ ಕೆಳಗೆ ಕೈ, ಪಕ್ಕದಲ್ಲಿ ತೆರೆದ ಪುಸ್ತಕ. ಫ್ಯಾನಿನ ಗಾಳಿಗೆ ಹಾಳೆಗಳು ಮಗುಚುತ್ತಿದ್ದವು.

"ಎಬ್ಬಿಸ್ಲಾ?" ಎಂದ ರೇಮಂಡ್.

"ಬೇಡ ಬೇಡ. ಮಲಗಲಿ."

"ಹಾಗಾದ್ರೆ ಕೂತ್ಕೊಳ್ಳಿ," ಎಂದಳು ಎಸ್ತೆರ್. ಮರದ ಸ್ಟೂಲನ್ನು ಮಗನ ತಲೆಯ ಬಳಿ ಎಳೆದಿಟ್ಟಳು. ಸಿಟ್ಟು ಅವಳ ಮುಖದಿಂದ ಇನ್ನೂ ಪೂರ್ತಿ ಇಳಿದಿರಲಿಲ್ಲ. ಇಳಿಸುವ ಅವಸರವೂ ಅವಳಿಗೆ ಇರಲಿಲ್ಲ. ಪೀಠದ ದೀಪ ಹಚ್ಚಿ ಗಂಡನೊಂದಿಗೆ ಜಪ ಶುರುಮಾಡಿದಳು.

ಯೂಸ್ಟೇಸ್ ಸರ್ ಕೂತರು. ಪ್ರಾರ್ಥನೆಗೆ ಉತ್ತರ ಹೇಳುತ್ತ, ಹತ್ತಿರದಿಂದ, ಆ ಮಲಗಿದ ಮುಖವನ್ನೇ ನೋಡುತ್ತ ಕೂತರು. ಸೊಳ್ಳೆಯೊಂದು ಹುಡುಗನ ಹಣೆಯ ಮೇಲೆ ಕೂರಲು ಬಂದಾಗ ಕೈಯಾಡಿಸಿ ಓಡಿಸಿದರು. ತೇರ್ಸ್ ಮುಗಿಯಿತು. ಎಸ್ತೆರ್ ಚಹಾ ಇಟ್ಟಳು, ಅದು ಆರಿತು. ಅವರು ಏಳಲಿಲ್ಲ.

ಕೊನೆಗೆ ಎಲ್ರೊಯ್ ಕಣ್ಣು ಬಿಟ್ಟ. ಎದುರಿಗೆ ಸರ್ ಕೂತದ್ದು ಕಂಡು ಗಡಬಡಿಸಿ ಏಳಲು ಹೋದ. ಅವರು ಅವನ ಭುಜ ಮುಟ್ಟಿ ಕೂರಿಸಿ, ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು ಅವನ ಅಂಗೈಯಲ್ಲಿ ಇಟ್ಟರು.